ಷಡ್ಡಕರ ಪಿಕಪ್ಪೂ ಅದರ ಬಾಲವೂ

ಹಳೇ ಗಾಡಿಗೆ ಬೇರೆ ಎಂಜಿನ್ ಕೂರಿಸುವ ಹುಚ್ಚು ಹತ್ತಿದವರನ್ನು ನೀವು ಯಾವತ್ತಾದರೂ ಮಾತಿಗೆಳೆದಿದ್ದೀರಾ? ಇನ್ನು ಮುಂದೆ ಎಳೆಯುವುದಾದರೆ ಊಟ ಮುಗಿಸಿಕೊಂಡು ಎಳೆಯಿರಿ. ಎಷ್ಟು ಲೀಟರು, ಎಷ್ಟು ಕುದುರೆಶಕ್ತಿ, ಯಾವ ಗುಜರಿಯಲ್ಲಿ ಸಿಕ್ಕಿತು, ಅವನು ಕೇಳಿದ್ದೆಷ್ಟು, ಇವರು ಕೊಟ್ಟಿದ್ದೆಷ್ಟು, ಎಲ್ಲವೂ ಒಂದೇ ಉಸಿರಿಗೆ ಬರುತ್ತದೆ. ಆ ಮಾತಿನ ಹೊಳೆಗೆ ಕಟ್ಟೆ ಹಾಕಬೇಕೆಂದರೆ ಒಂದೇ ಪ್ರಶ್ನೆ ಸಾಕು: "ಎಲ್ಲಾ ಸರಿ ಸ್ವಾಮಿ, ಹೊಗೆ ಎಲ್ಲಿಂದ ಹೋಗುತ್ತೆ?"

"ಅದೇನು ಮಹಾ, ಕೊನೆಗೆ ಒಂದು ಪೈಪು ಹಾಕಿದರಾಯಿತು" ಅನ್ನುತ್ತಾರೆ.

ಈ ಕಸುಬಿನಲ್ಲಿ ಇದಕ್ಕಿಂತ ದುಬಾರಿಯಾದ ಮಾತು ಇನ್ನೊಂದಿಲ್ಲ. ಆ 'ಒಂದು ಪೈಪಿ'ನೊಳಗೆ ಎರಡು ಮ್ಯಾನಿಫೋಲ್ಡು, ಎರಡು ಗ್ಯಾಸ್ಕೆಟ್ಟು, ಹನ್ನೆರಡು ಬೋಲ್ಟು, ಆಕ್ಸಿಜನ್ ಸೆನ್ಸರು, ಕ್ಯಾಟಲಿಟಿಕ್ ಕನ್ವರ್ಟರು, ಮಫ್ಲರು, ಕ್ಲಾಂಪು, ಇವನ್ನೆಲ್ಲ ಹೊತ್ತು ತೂಗುವ ರಬ್ಬರು, ಜೊತೆಗೆ ಒಂದು ಸಂಸಾರದ ನೆಮ್ಮದಿ ಇಷ್ಟೂ ಅಡಗಿರುತ್ತದೆ.

ನಾನು ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ತಲೆ ಹಣ್ಣು ಮಾಡಿಕೊಂಡವನು. ನಮ್ಮ ಷಡ್ಡಕರು, ಅಂದರೆ ನನ್ನಾಕೆಯ ತಂಗಿಯ ಗಂಡ, ಅಮೆರಿಕದ ಡೆಟ್ರಾಯಿಟ್ ಮಗ್ಗುಲಿನ ಟ್ರಾಯ್ ಪಟ್ಟಣದಲ್ಲಿದ್ದಾರೆ. ಹಗಲೆಲ್ಲ ಹೊಸ ಕಾರುಗಳ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವುದು ಅವರ ಉದ್ಯೋಗ. ಅಂಥವರು ಸಾಫ್ಟ್‌ವೇರಿನ ಗಾಳಿಯೂ ಸೋಕದ 1972ರ ಷೆವರ್ಲೆ ಸಿ10 ಪಿಕಪ್ಪನ್ನು ಎಲ್ಲಿಂದಲೋ ಎಳೆಸಿಕೊಂಡು ಬಂದು ಗ್ಯಾರೇಜಿನಲ್ಲಿ ಪ್ರತಿಷ್ಠಾಪನೆ ಮಾಡಿದ್ದಾರೆ. ಹಿಮ ಸುರಿಯುವಾಗ ಓಡುವ ಕಾರು ಅಂಗಳದಲ್ಲಿ ನಡುಗುತ್ತಿತ್ತು, ಓಡದ ಪಿಕಪ್ ಒಳಗೆ ಬೆಚ್ಚಗಿರುತ್ತಿತ್ತು. "ಈ ಮನೇಲಿ ನನಗೂ ಇಷ್ಟು ಮರ್ಯಾದೆ ಇಲ್ಲ ಭಾವ" ಅಂತ ನಾದಿನಿ ನನ್ನೆದುರು ಹೇಳಿಕೊಂಡಿದ್ದುಂಟು.

ಅವರ ಗುರಿ ದೊಡ್ಡದೇ. ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ಆಗಸ್ಟಿನಲ್ಲಿ 'ಡ್ರೀಮ್ ಕ್ರೂಸ್' ಅಂತ ನಡೆಯುತ್ತದೆ. ಹಳೇ ಗಾಡಿಗಳೆಲ್ಲ ಮೈ ತೊಳೆದುಕೊಂಡು ಮೆರವಣಿಗೆ ಹೊರಡುವ ಹಬ್ಬ. ಜನ ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಾರೆ. ಎಲ್ಲಾ ಸಮಸ್ಯೆ ಹುಟ್ಟುವುದು ಈ ಕೇಳುವಲ್ಲೇ. ನಮ್ಮ ಷಡ್ಡಕರಿಗೆ ಪಿಕಪ್ ಓಡಿದರೆ ಸಾಲದು, ಗುಡುಗಬೇಕು.

ಎಂಜಿನ್ ವಿಷಯದಲ್ಲಿ ಅವರ ತಲೆ ಚೆನ್ನಾಗಿಯೇ ಓಡಿದೆ. ಹಳೆಯದು 1955ರಲ್ಲಿ ಷೆವರ್ಲೆಯವರು ಆರಂಭಿಸಿದ 'ಸ್ಮಾಲ್ ಬ್ಲಾಕ್' ಮನೆತನದ ಎಂಟು ಸಿಲಿಂಡರಿನ ವಿ8. ಅದರ ಜಾಗಕ್ಕೆ ಬಂದದ್ದು ಎಲ್‌ಎಸ್ ಮನೆತನದ್ದು. ಈ ಮನೆತನದ ಹಿರಿಯಣ್ಣ ಎಲ್‌ಎಸ್1 ಹುಟ್ಟಿದ್ದು 1997ರ ಮಾದರಿಯ ಕಾರ್ವೆಟ್‌ನಲ್ಲಿ. ಅದು ಉಳ್ಳವರ ಮನೆಯ ಕೂಸು. 1999ರ ಸಿಲ್ವರಾಡೊ ಪಿಕಪ್ಪಿನಿಂದ ಮುಂದೆ 4.8, 5.3, 6.0 ಲೀಟರಿನ ತಮ್ಮಂದಿರು ಬಂದರು. ಅವು ಮನೆಮನೆಗೂ ಹೋದವು, ಗಾಡಿ ಜಜ್ಜಿಹೋದಾಗ ಎಂಜಿನ್ ಮಾತ್ರ ಗಟ್ಟಿಯಾಗಿ ಉಳಿದು ಗುಜರಿ ಸೇರಿತು. ಅಲ್ಲಿಂದ 5.3 ಲೀಟರಿನದೊಂದು ಷಡ್ಡಕರ ಗ್ಯಾರೇಜಿಗೆ ಬಂತು. ಶಕ್ತಿ 300 ಕುದುರೆಗೆ ಸ್ವಲ್ಪ ಕಡಿಮೆ. ಸೊಪ್ಪು, ಹಾಲು, ಮಕ್ಕಳ ಶಾಲೆಗೆ ಇದು ಬೇಕಾದ್ದಕ್ಕಿಂತ ಜಾಸ್ತಿಯೇ.

ಇಲ್ಲಿಯವರೆಗೆ ಸರಿ. ಆದರೆ ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಪೈಪಿಗೆ ಕಳಿಸುವ ಮ್ಯಾನಿಫೋಲ್ಡ್ ಇದೆಯಲ್ಲ, ಹಳೇ ಎಂಜಿನ್ನಿನದು ಹೊಸದಕ್ಕೆ ಕೂರುವುದಿಲ್ಲ. ಹಳೆಯದರಲ್ಲಿ ಒಂದೊಂದು ಕಡೆಯ ನಾಲ್ಕು ಸಿಲಿಂಡರುಗಳ ಪೈಕಿ ನಡುವಿನ ಎರಡರ ಹೊಗೆಬಾಯಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಲ್‌ಎಸ್‌ನಲ್ಲಿ ನಾಲ್ಕೂ ಸಮದೂರದಲ್ಲಿ ಶಿಸ್ತಾಗಿ ನಿಂತಿವೆ. ಹಾಗಾಗಿ ಹೊಸ ಮ್ಯಾನಿಫೋಲ್ಡ್ ಹುಡುಕಬೇಕು. ಇಲ್ಲೊಂದು ಅನುಕೂಲವಿದೆ. ಎಲ್‌ಎಸ್ ಕುಲದಲ್ಲಿ ಮ್ಯಾನಿಫೋಲ್ಡಿನ ಬೋಲ್ಟ್ ತೂತುಗಳ ಲೆಕ್ಕ ಹೆಚ್ಚೂಕಡಿಮೆ ಎಲ್ಲದರಲ್ಲೂ ಒಂದೇ. ಅಂದರೆ ಕಮಾರೊದ್ದು, ಕಾರ್ವೆಟ್‌ದು, ಕ್ಯಾಡಿಲಾಕ್ ಸಿಟಿಎಸ್-ವಿದು ಯಾವುದನ್ನಾದರೂ ತಂದು ಈ ಎಂಜಿನ್ನಿಗೆ ಬಿಗಿಯಬಹುದು. ಎಂಜಿನ್ ಎಲ್ಲವನ್ನೂ ಒಪ್ಪುತ್ತದೆ. ಒಪ್ಪದೇ ಇರುವುದು ಚಾಸಿ.

ಆಯ್ಕೆ ಮೂರು ಬಗೆ. ಎಂಜಿನ್ ಜೊತೆಯಲ್ಲೇ ಗುಜರಿಯಿಂದ ಬಂದ ಬೀಡುಕಬ್ಬಿಣದ್ದು ಒಂದು. ಅದೇ ಕುಲದ ಬೇರೆ ಕಾರಿನಿಂದ ಬಿಚ್ಚಿದ ಬೀಡುಕಬ್ಬಿಣದ್ದು ಇನ್ನೊಂದು. ಮೂರನೆಯದು ಹೆಡರ್: ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಕೊಳವೆ, ಕೊನೆಗೆ ನಾಲ್ಕೂ ಒಂದು ಕೊರಳಲ್ಲಿ ಸೇರುವಂಥದ್ದು. ಗಿಡ್ಡ, ಮಧ್ಯಮ, ಉದ್ದ ಎಂದು ಅದರಲ್ಲೂ ತರಾವರಿ. ಫೋಟೋದಲ್ಲಿ ಹೆಡರ್ ನೋಡಿದರೆ ಸನ್ಯಾಸಿಗೂ ಆಸೆ ಹುಟ್ಟಬೇಕು. ನಮ್ಮ ಷಡ್ಡಕರು ಸಂಸಾರಿ. ಎಂಜಿನ್ ಇನ್ನೂ ಗ್ಯಾರೇಜಿನ ಮೂಲೆಯಲ್ಲಿ ಹೊದಿಕೆ ಹೊದ್ದು ಮಲಗಿದ್ದಾಗಲೇ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಿಯಾಯಿತಿಯಲ್ಲಿ ಥಳಥಳ ಹೊಳೆಯುವ ಉದ್ದ ಹೆಡರಿನ ಜೋಡಿ ತರಿಸಿಬಿಟ್ಟರು. ಪೆಟ್ಟಿಗೆ ಬಿಚ್ಚಿ ನನಗೆ ವೀಡಿಯೊ ಕಾಲಿನಲ್ಲಿ ತೋರಿಸಿದರು.

"ಹೇಗಿದೆ ಭಾವ?"

"ಚೆನ್ನಾಗಿದೆ. ಸ್ಟೀರಿಂಗ್ ಎಲ್ಲಿ ಹೋಗುತ್ತೆ?"

"ಅದು ಅಲ್ಲೇ ಪಕ್ಕದಲ್ಲಿ ಹೋಗುತ್ತೆ ಬಿಡಿ."

ಹೋಗಲಿಲ್ಲ. ಎಂಜಿನ್ ಇಳಿಸಿ ನೋಡಿದಾಗ ಎಡಗಡೆಯ ಕೊಳವೆಗಳು ಸ್ಟೀರಿಂಗ್ ಕಂಬಿ ಇರಬೇಕಾದ ಜಾಗದಲ್ಲೇ ಬಂದು ಕೂತಿದ್ದವು. ಅಮೆರಿಕದ ಗಾಡಿ, ಚಾಲಕ ಎಡಕ್ಕೆ. ಸ್ಟೀರಿಂಗ್ ಕಂಬಿಯೂ ಅದರ ಪೆಟ್ಟಿಗೆಯೂ ಎಡಕ್ಕೇ. ಹೆಡರ್ ಇರಬೇಕು ಇಲ್ಲವೇ ಸ್ಟೀರಿಂಗ್ ಇರಬೇಕು ಅನ್ನುವ ಸ್ಥಿತಿ. "ನೇರ ರಸ್ತೆಯಲ್ಲೇ ಓಡಿಸುವುದಾದರೆ ಹೆಡರೇ ಇಟ್ಟುಕೊಳ್ಳಿ" ಅಂತ ನಾನು ಸಲಹೆ ಕೊಟ್ಟೆ. ಅವರು ಫೋನ್ ಇಟ್ಟರು.

ಎಂಜಿನ್ ಬದಲಾವಣೆಯಲ್ಲಿ ಹೊಗೆಯ ಸಾಮಾನು ಸ್ವತಂತ್ರವಲ್ಲ ಅನ್ನುವುದು ಅರ್ಥವಾಗುವುದು ಇಂಥ ಹೊತ್ತಲ್ಲೇ. ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಮೌಂಟಿನ ತಟ್ಟೆಗಳು ಎಂಜಿನ್ನನ್ನು ಒಂದಿಂಚು ಮುಂದೆ ಕೂರಿಸುತ್ತವೋ ಒಂದಿಂಚು ಹಿಂದೆ ಕೂರಿಸುತ್ತವೋ ಅನ್ನುವುದರ ಮೇಲೆ ಯಾವ ಮ್ಯಾನಿಫೋಲ್ಡ್ ಹಿಡಿಸುತ್ತದೆ ಅನ್ನುವುದು ತೀರ್ಮಾನವಾಗುತ್ತದೆ. ಎಡಕ್ಕೆ ಸ್ಟೀರಿಂಗ್ ಮತ್ತು ಆಯಿಲ್ ಫಿಲ್ಟರ್, ಬಲಕ್ಕೆ ಸ್ಟಾರ್ಟರ್ ಮೋಟಾರ್, ಎರಡೂ ಕಡೆ ಚಾಸಿಯ ಉದ್ದದ ತೊಲೆಗಳು. ಸ್ವಲ್ಪ ಹಿಂದೆ ಹೋದರೆ ಗೇರ್‌ಬಾಕ್ಸ್ ಹೊತ್ತ ಅಡ್ಡತೊಲೆ. ಸಿ10ನ ಹಿಂದಿನ ಆಕ್ಸಲನ್ನು ಹಿಡಿದಿರುವ ಎರಡು ಉದ್ದ ತೋಳುಗಳು ಗಾಡಿಯ ಹೊಟ್ಟೆಯ ನಡುವಿಗೆ ಬಂದು ಸೇರುವುದರಿಂದ ಅಲ್ಲೂ ದಾರಿ ಬಂದ್. ಇನ್ನು ಪೆಟ್ರೋಲ್ ಟ್ಯಾಂಕ್. ಆ ಕಾಲದ ಸಿ10ನಲ್ಲಿ ಅದು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನಿಗೇ ಇತ್ತು! ಬೆನ್ನ ಹಿಂದೆ ಇಂಧನ ಇಟ್ಟುಕೊಂಡು ಸಿಗರೇಟು ಸೇದುತ್ತಾ ಹೋಗುತ್ತಿದ್ದ ಧೀರರ ಕಾಲ ಅದು. ಈಗಿನವರು ಭಯಪಟ್ಟು ಟ್ಯಾಂಕನ್ನು ಹಿಂದುಗಡೆ, ಎರಡು ತೊಲೆಗಳ ನಡುವೆ ಇಳಿಸುತ್ತಾರೆ. ಬುದ್ಧಿವಂತಿಕೆಯೇ. ಆದರೆ ಹೊಗೆಪೈಪು ಹೋಗಬೇಕಾಗಿದ್ದ ಜಾಗವೂ ಅದೇ. ಕಾದು ಕೆಂಪಗಾಗುವ ಕೊಳವೆಯನ್ನೂ ಪೆಟ್ರೋಲ್ ತೊಟ್ಟಿಯನ್ನೂ ಅಕ್ಕಪಕ್ಕ ಮಲಗಿಸುವ ಧೈರ್ಯ ಇರುವವರು ಮುಂದೆ ಓದುವ ಅಗತ್ಯವಿಲ್ಲ.

ಕೊನೆಗೆ ಷಡ್ಡಕರು ಎಂಜಿನ್ ಜೊತೆಗೆ ಬಂದಿದ್ದ ಅದೇ ಕುರೂಪಿ ಬೀಡುಕಬ್ಬಿಣದ ಮ್ಯಾನಿಫೋಲ್ಡಿಗೆ ಶರಣಾದರು. ತುಕ್ಕು ಹಿಡಿದಿತ್ತು, ತೂಕ ಹೆಚ್ಚಿತ್ತು, ಫೋಟೋಗೆ ಬರುವ ಮುಖವೇ ಅಲ್ಲ. ಆದರೆ ಕೂತಿತು. ಮೌಂಟ್ ಸ್ವಲ್ಪ ಜರುಗಿಸಿದ ಮೇಲೆ ಸ್ಟೀರಿಂಗಿಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಜಾಗ ಉಳಿಯಿತು. ಆ ಜಾಗ ಬೇಕೇ ಬೇಕು, ಯಾಕೆಂದರೆ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ರಬ್ಬರಿನ ಮೇಲೆ ಒಂದು ಪಕ್ಕಕ್ಕೆ ವಾಲುತ್ತದೆ. ಗ್ಯಾರೇಜಿನಲ್ಲಿ ತಗುಲದ್ದು ರಸ್ತೆಯಲ್ಲಿ ತಗುಲುತ್ತದೆ. ಬೀಡುಕಬ್ಬಿಣದ ಗುಣವೂ ಸಣ್ಣದಲ್ಲ. ದಪ್ಪಗಿರುವುದರಿಂದ ಸದ್ದನ್ನು ಒಳಗೇ ನುಂಗುತ್ತದೆ, ಸುಲಭವಾಗಿ ಡೊಂಕಾಗುವುದಿಲ್ಲ, ಗ್ಯಾಸ್ಕೆಟ್ ಸೋರುವುದು ಕಡಿಮೆ. ಎಲ್‌ಎಸ್‌ನಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಕಾಯಿಲ್, ಅಲ್ಲಿಂದ ಗೇಣುದ್ದದ ವೈರು ಪ್ಲಗ್ಗಿಗೆ. ತೆಳ್ಳನೆಯ ಹೆಡರ್ ಕೊಳವೆಗಳು ಆ ವೈರಿನ ರಬ್ಬರನ್ನು ಹುರಿದು ಹಾಕುವ ಸಾಧ್ಯತೆ ಹೆಚ್ಚು. ಹೆಡರಿನಿಂದ ಎಂಜಿನ್ ಮೇಲ್ವೇಗದಲ್ಲಿ ಒಂದಷ್ಟು ಕುದುರೆ ಹೆಚ್ಚಿಗೆ ಕೊಡುವುದು ನಿಜ. ಆ ಕುದುರೆಗಳನ್ನು ಟ್ರಾಯ್ ಪಟ್ಟಣದ ಸಿಗ್ನಲ್ಲುಗಳ ನಡುವೆ ಎಲ್ಲಿ ಓಡಿಸುತ್ತೀರಿ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಮ್ಯಾನಿಫೋಲ್ಡಿನ ಬೋಲ್ಟುಗಳ ಬಗ್ಗೆಯೂ ಒಂದು ಮಾತು. ಈ ಪಿಕಪ್ ಎಂಜಿನ್ನುಗಳಲ್ಲಿ ಹಿಂದುಗಡೆಯ ತುದಿಯ ಬೋಲ್ಟು ತಲೆ ಮುರಿದುಕೊಳ್ಳುವುದು ಹೆಸರಾದ ಕಾಯಿಲೆ. ಕಬ್ಬಿಣ ಕಾದು ಹಿಗ್ಗುತ್ತದೆ, ತಣಿದು ಕುಗ್ಗುತ್ತದೆ, ಆ ಎಳೆದಾಟದ ಪೂರ್ತಿ ಭಾರ ತುದಿಯ ಬೋಲ್ಟಿನ ಕತ್ತಿನ ಮೇಲೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ 'ಟಿಕ್ ಟಿಕ್' ಅನ್ನುತ್ತದೆ. ಬಿಸಿಯಾಗಿ ಹಿಗ್ಗಿದ ಮೇಲೆ ಸಂದು ಮುಚ್ಚಿಕೊಂಡು ಸದ್ದು ನಿಲ್ಲುತ್ತದೆ. ಮೆಕ್ಯಾನಿಕ್ಕಿನ ಹತ್ತಿರ ಹೋಗುವಷ್ಟರಲ್ಲಿ ಗಾಡಿ ಸಾಧು. ಗುಜರಿಯ ಎಂಜಿನ್ ತಂದವರು ಅದು ಸ್ಟ್ಯಾಂಡಿನ ಮೇಲಿರುವಾಗಲೇ, ಸುತ್ತ ಕೈಯಾಡುವಾಗಲೇ, ಮುರಿದ ಬೋಲ್ಟು ತೆಗೆದು ಹನ್ನೆರಡನ್ನೂ ಹೊಸದು ಹಾಕುವುದು ಕ್ಷೇಮ. ಚಾಸಿಯೊಳಗೆ ಇಳಿಸಿದ ಮೇಲೆ ಆ ಹಿಂದಿನ ಬೋಲ್ಟಿಗೆ ಡ್ರಿಲ್ ಹಿಡಿಯಬೇಕಾದರೆ ಕೈಗೆ ಇನ್ನೆರಡು ಮೊಣಕೈ ಬೇಕು.

ಇನ್ನು ಪೈಪಿನ ಗಾತ್ರ. ಇಲ್ಲಿ ಎರಡು ಪಂಗಡ. "ಎಂಜಿನ್ನಿಗೆ ಸ್ವಲ್ಪ ಹಿಂದೊತ್ತಡ ಬೇಕು ಸಾರ್, ಇಲ್ಲದಿದ್ದರೆ ಎಳೆತವೇ ಬರಲ್ಲ" ಅನ್ನುವವರು ಒಂದು ಕಡೆ. "ದೊಡ್ಡದಾದಷ್ಟೂ ಒಳ್ಳೆಯದು" ಅನ್ನುವವರು ಇನ್ನೊಂದು ಕಡೆ. ಇಬ್ಬರದೂ ತಪ್ಪು, ಇಬ್ಬರೂ ಜೋರು. ಯಾವ ಎಂಜಿನ್ನಿಗೂ ಹಿಂದೊತ್ತಡ ಬೇಡ. ಹೊಗೆಯನ್ನು ಹೊರಗೆ ನೂಕಲು ಪಿಸ್ಟನ್ ಪಡುವ ಶ್ರಮವೆಲ್ಲ ನಷ್ಟವೇ. ಬೇಕಾಗಿರುವುದು ಹೊಗೆಯ ವೇಗ. ರಭಸದಿಂದ ಹೊರಟ ಹೊಗೆ ತನ್ನ ಬೆನ್ನ ಹಿಂದೆ ಒತ್ತಡ ಇಳಿಸುತ್ತದೆ, ಆ ಸೆಳೆತಕ್ಕೆ ಸಿಲಿಂಡರಿನಲ್ಲಿ ಉಳಿದ ಹೊಗೆಯೂ ಹೊರಬರುತ್ತದೆ. ಕೊಳವೆ ಅತಿ ದಪ್ಪವಾದರೆ ವೇಗ ಸತ್ತು ಸೆಳೆತವೂ ಸಾಯುತ್ತದೆ. ಸಣ್ಣ ಕೊಳವೆ ತೆಗೆದು ದೊಡ್ಡದು ಹಾಕಿದವನು ಕೆಳವೇಗದಲ್ಲಿ ಎಳೆತ ಕಡಿಮೆಯಾದದ್ದನ್ನು ಕಂಡು, ಹಿಂದೊತ್ತಡ ಹೋಯಿತು ಅಂತ ಕೊರಗುತ್ತಾನೆ. ಹೋದದ್ದು ವೇಗ.

ಲೆಕ್ಕ ಹಾಕಿದರೆ ಸುಲಭ. ಮೂರು ಇಂಚಿನ ಒಂದು ಪೈಪಿನ ಬಾಯಿಯ ವಿಸ್ತಾರ ಸುಮಾರು 7.1 ಚದರ ಇಂಚು. ಎರಡೂಕಾಲು ಇಂಚಿನ ಎರಡು ಪೈಪು ಸೇರಿದರೆ 8. ಎರಡೂವರೆಯ ಎರಡು ಸೇರಿದರೆ 9.8. ಮೂರು ಇಂಚಿನ ಎರಡು ಹಾಕಿದರೆ 14 ದಾಟುತ್ತದೆ. ಇದೇ ಎಂಜಿನ್ನಿಗೆ ಸಿಲ್ವರಾಡೊದಲ್ಲಿ ಕಾರ್ಖಾನೆಯವರು ಎರಡೂ ಕಡೆಯ ಹೊಗೆಯನ್ನು ಕೂಡಿಸಿ, ಒಂದೇ ಮಫ್ಲರು, ಒಂದೇ ಬಾಲ ಕೊಟ್ಟು ಕಳಿಸಿದ್ದರು. ಆ ಗಾಡಿಗಳು ದೋಣಿ ಎಳೆದವು, ಕುದುರೆ ಹೊತ್ತ ಟ್ರೈಲರು ಎಳೆದವು. ನಮ್ಮ ಷಡ್ಡಕರು ಮೂರು ಇಂಚಿನ ಜೋಡಿ ಬೇಕು ಅಂತ ಹಟ ಹಿಡಿದಾಗ "ಅದರೊಳಗೆ ಬೆಕ್ಕು ಸಂಸಾರ ಹೂಡುತ್ತೆ" ಅಂದೆ. ಎರಡೂವರೆಗೆ ಇಳಿದರು.

ಪೈಪನ್ನು ಬಗ್ಗಿಸುವುದರಲ್ಲೂ ಜಾತಿಯಿದೆ. ಅಗ್ಗದ ಯಂತ್ರದಲ್ಲಿ ಬಗ್ಗಿಸಿದರೆ ತಿರುವಿನಲ್ಲಿ ಸುಕ್ಕು ಬಿದ್ದು ಕೊಳವೆ ಕಿರಿದಾಗುತ್ತದೆ. ಒಳಗೆ ಅಚ್ಚು ತೂರಿಸಿ ಬಗ್ಗಿಸುವ ಮ್ಯಾಂಡ್ರೆಲ್ ತಿರುವಿನಲ್ಲಿ ಸುತ್ತಳತೆ ಹಾಗೇ ಉಳಿಯುತ್ತದೆ. ಎರಡೂವರೆ ಇಂಚಿನ ಪೈಪು ಕೊಂಡು ಸುಕ್ಕು ತಿರುವು ಹಾಕಿಸಿದವನು ಎರಡೂವರೆಯ ದುಡ್ಡಿಗೆ ಅದಕ್ಕಿಂತ ಸಣ್ಣ ಪೈಪು ಕೊಂಡ ಹಾಗಾಯಿತು. ಜೋಡಣೆಗೆ ಯು-ಬೋಲ್ಟ್ ಕ್ಲಾಂಪು ಹಾಕಿದರೆ ಅದು ಪೈಪನ್ನು ಕಚ್ಚಿ ಹಳ್ಳ ಮಾಡುತ್ತದೆ, ಮುಂದೆ ಗೇರ್‌ಬಾಕ್ಸ್ ಇಳಿಸಬೇಕಾದಾಗ ಗರಗಸವೇ ಗತಿ. ಅಗಲ ಪಟ್ಟಿಯ ಕ್ಲಾಂಪೋ ವಿ-ಬ್ಯಾಂಡೋ ಹಾಕಿಸಿದರೆ ಪಾನಾ ಹಿಡಿದು ಬಿಚ್ಚಬಹುದು. ಎಲ್ಲವನ್ನೂ ವೆಲ್ಡಿಂಗ್ ಮಾಡಿಬಿಡುವವರು ತಮ್ಮ ಗಾಡಿ ಜನ್ಮದಲ್ಲಿ ಕೆಡುವುದಿಲ್ಲ ಎಂದು ನಂಬಿದವರು. ಡಿಪೋದಲ್ಲಿ ಅಂಥ ಆಸ್ತಿಕರು ನಮಗೆ ಸಿಕ್ಕಿರಲಿಲ್ಲ.

ಈಗ ಬರೋಣ ಗುಡುಗಿನ ವಿಷಯಕ್ಕೆ. ಅಮೆರಿಕದ ವಿ8ಗೆ ಆ 'ಗುಡುಗುಡು' ಎಲ್ಲಿಂದ ಬರುತ್ತದೆ ಗೊತ್ತೆ? ಎಂಟು ಸಿಲಿಂಡರೂ 90 ಡಿಗ್ರಿಗೊಂದರಂತೆ ಸಮವಾಗಿಯೇ ಉರಿಯುತ್ತವೆ. ಎಲ್‌ಎಸ್‌ನ ಸರದಿ 1-8-7-2-6-5-4-3. ಇದರಲ್ಲಿ ಬೆಸ ಸಂಖ್ಯೆಗಳು ಎಡಸಾಲು, ಸಮ ಸಂಖ್ಯೆಗಳು ಬಲಸಾಲು. ಎಡಸಾಲನ್ನು ಮಾತ್ರ ಬಿಡಿಸಿ ನೋಡಿ: 1, 7, 5, 3. ಇವುಗಳ ನಡುವಿನ ಅಂತರ 180, 270, 180, 90 ಡಿಗ್ರಿ. ಅಂದರೆ ಎಂಜಿನ್ ತಾಳಬದ್ಧ, ಒಂದೊಂದು ಪೈಪು ಮಾತ್ರ ಚಪ್ಪಾಳೆ ತಪ್ಪಿದ ಭಜನೆ. ಎರಡೂ ಪೈಪುಗಳನ್ನು ಪೂರ್ತಿ ಬೇರೆಯಾಗಿ ಬಿಟ್ಟರೆ ಆ ಅಪಸ್ವರ ಹಾಗೇ ಹೊರಬರುತ್ತದೆ, ಅದಕ್ಕೇ ಜನ ಮರುಳಾಗುವುದು. ನಡುವೆ ಒಂದು ಅಡ್ಡಪೈಪು ಕೊಟ್ಟು ಎಚ್ ಆಕಾರ ಮಾಡಿದರೆ ಸದ್ದು ಸ್ವಲ್ಪ ತಗ್ಗಿ ಗಂಭೀರವಾಗುತ್ತದೆ. ಎರಡನ್ನೂ ಕತ್ತರಿಯಾಗಿ ಕೂಡಿಸಿ ಎಕ್ಸ್ ಆಕಾರ ಮಾಡಿದರೆ ನಾದ ನಯವಾಗಿ ಏರುತ್ತದೆ. ಷಡ್ಡಕರು ಈ ಮೂರರ ಧ್ವನಿಮುದ್ರಣಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರಂತೆ. ನಾದಿನಿ ಅವರು ಭೀಮಸೇನ ಜೋಶಿ ಕೇಳುತ್ತಿದ್ದಾರೆ ಅಂದುಕೊಂಡಿದ್ದಳು.

ಮಫ್ಲರಿನ, ಅಂದರೆ ನಮ್ಮ ಕಡೆಯ ಸೈಲೆನ್ಸರಿನ, ಮೂಲಪುರುಷರ ಕತೆ ಇಲ್ಲಿ ಹೇಳದಿದ್ದರೆ ನನಗೆ ನಿದ್ದೆ ಬಾರದು. ಇಂಡಿಯಾನಾ ರಾಜ್ಯದ ಕೊಲಂಬಸ್ ಊರಿನ ಮಿಲ್ಟನ್ ರೀವ್ಸ್, ಮಾರ್ಷಲ್ ರೀವ್ಸ್ ಎಂಬ ಅಣ್ಣತಮ್ಮಂದಿರು 1897ರಲ್ಲಿ ಎಂಜಿನ್ನಿನ ಹೊಗೆಸದ್ದು ತಗ್ಗಿಸುವ ಡಬ್ಬಿಗೆ ಪೇಟೆಂಟ್ ಪಡೆದರು. ಲೋಕಕ್ಕೆ ಇಷ್ಟು ಉಪಕಾರ ಮಾಡಿದ ಮೇಲೆ ಮಿಲ್ಟನ್ ಮಹಾಶಯರು ಸುಮ್ಮನಿರಬಹುದಿತ್ತು. 1911ರಲ್ಲಿ 'ಆಕ್ಟೊಆಟೊ' ಅಂತ ಎಂಟು ಚಕ್ರದ ಕಾರು ಕಟ್ಟಿದರು. ಯಾರೂ ಕೊಳ್ಳಲಿಲ್ಲ. ಎರಡು ಚಕ್ರ ಕಳೆದು ಆರು ಚಕ್ರದ್ದು ಮಾಡಿದರು, ಅದೂ ಓಡಲಿಲ್ಲ. ಗಾಡಿ ಹುಚ್ಚಿಗೆ ಮದ್ದಿಲ್ಲ ಅನ್ನುವುದಕ್ಕೆ ಮಫ್ಲರ್ ಕಂಡುಹಿಡಿದವರೇ ಸಾಕ್ಷಿ.

ಇವತ್ತು ಮಫ್ಲರುಗಳಲ್ಲಿ ಮುಖ್ಯವಾಗಿ ಎರಡು ಕುಲ. ಒಳಗೆ ಗೋಡೆಗಳಿದ್ದು ಸದ್ದು ಅತ್ತಿತ್ತ ಬಡಿದು ತನ್ನನ್ನು ತಾನೇ ಕೊಂದುಕೊಳ್ಳುವ ಕೋಣೆ ಮಫ್ಲರ್ ಒಂದು. ತೂತಿನ ಕೊಳವೆಯ ಸುತ್ತ ಗಾಜಿನ ನಾರು ತುಂಬಿ, ಹೊಗೆಯನ್ನು ನೇರ ಹೋಗಲು ಬಿಟ್ಟು ಸದ್ದನ್ನಷ್ಟೇ ಹೀರುವುದು ಇನ್ನೊಂದು. ನೇರದ್ದು ಹೊಗೆಗೆ ಅಡ್ಡಿಮಾಡುವುದು ಕಡಿಮೆ, ಆದರೆ ನಾರು ವರ್ಷಗಳುರುಳಿದಂತೆ ಸುಟ್ಟು ಹಾರಿಹೋಗಿ ಸದ್ದು ಬೆಳೆಯುತ್ತದೆ. ಯಾವ ಕುಲವಾದರೂ ಡಬ್ಬಿ ದೊಡ್ಡದಿದ್ದಷ್ಟೂ ಮರ್ಯಾದಸ್ಥ.

ಮನೆಯ ಮುಂದೆ ನಿಂತು 'ಆಹಾ' ಅನ್ನಿಸುವ ಸದ್ದು ಹೆದ್ದಾರಿಯಲ್ಲಿ ತಲೆನೋವಾಗುವುದಕ್ಕೂ ಲೆಕ್ಕವಿದೆ. ವಿ8 ಒಂದು ಸುತ್ತಿಗೆ ನಾಲ್ಕು ಸಲ ಉರಿಯುತ್ತದೆ. ನಿಮಿಷಕ್ಕೆ 2000 ಸುತ್ತಿನಲ್ಲಿ ಓಡಿದರೆ ಸೆಕೆಂಡಿಗೆ 133 ಬಡಿತ. ಆ ಬಡಿತಕ್ಕೆ ಕ್ಯಾಬಿನ್ನಿನ ತಗಡು, ಗಾಜು, ಚಾಲಕನ ಬುರುಡೆ ಎಲ್ಲ ಒಟ್ಟಿಗೆ 'ಗುಂಯ್' ಅನ್ನತೊಡಗುತ್ತವೆ. ಇದಕ್ಕೊಂದು ಸೊಗಸಾದ ಮದ್ದಿದೆ: ಮುಖ್ಯ ಪೈಪಿಗೆ ಒಂದು ಮೀಟರಿಗಿಂತ ಸ್ವಲ್ಪ ಕಡಿಮೆ ಉದ್ದದ, ಕೊನೆ ಮುಚ್ಚಿದ ಕವಲು ಪೈಪನ್ನು ಬೆಸೆಯುವುದು. ಆ ಸದ್ದಿನ ಅಲೆಯ ಕಾಲು ಭಾಗದಷ್ಟು ಉದ್ದ. ಒಳಗೆ ಹೋದ ಅಲೆ ತಿರುಗಿ ಬರುವಾಗ ಎದುರು ಅಲೆಯಾಗಿ ಬಂದು ಗುಂಯ್‌ಗುಡುವಿಕೆಯನ್ನು ಅಳಿಸುತ್ತದೆ. ಹೊಗೆ ಅದರಲ್ಲಿ ಹರಿಯುವುದೇ ಇಲ್ಲ. ನೋಡಿದವರು "ಈ ಪೈಪು ಎಲ್ಲಿಗೂ ಹೋಗಲ್ಲವಲ್ಲ" ಅಂತ ನಗುತ್ತಾರೆ. ನಗಲಿ ಬಿಡಿ, ಗುಂಯ್ ಅನ್ನುವುದಂತೂ ನಿಂತಿತಲ್ಲ.

ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ವಿಷಯಕ್ಕೆ ಬಂದಾಗ ಷಡ್ಡಕರು ವಕೀಲರಾದರು. ಅಮೆರಿಕದಲ್ಲಿ ಅದು ಕಾರುಗಳಿಗೆ ವ್ಯಾಪಕವಾಗಿ ಬಂದದ್ದು 1975ರ ಮಾದರಿಗಳಿಂದ, ನಮ್ಮದು 1972ರದ್ದು, ಹುಟ್ಟಿದಾಗ ಇರಲೇ ಇಲ್ಲ. ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದಲ್ಲಿ ಹೊಗೆ ತಪಾಸಣೆಯೂ ಇಲ್ಲ. ಬಿಗಿ ನಿಯಮದ ಕ್ಯಾಲಿಫೋರ್ನಿಯಾ ಕೂಡ 1975 ಮತ್ತು ಅದಕ್ಕೂ ಹಳೆಯ ಗಾಡಿಗಳನ್ನು ತಪಾಸಣೆಯಿಂದ ಬಿಟ್ಟಿದೆ. ಎಲ್ಲಾ ನಿಜ. ಆದರೆ ಅದಕ್ಕಿಂತ ಹೊಸ ಗಾಡಿ ಇದ್ದವರು ಈ ವಾದವನ್ನು ನಕಲು ಮಾಡಬೇಡಿ. ಗಾಡಿಯ ಜೊತೆ ಬಂದ ಕನ್ವರ್ಟರ್ ಕಿತ್ತುಹಾಕುವುದು ಅಲ್ಲಿ ಕೇಂದ್ರ ಕಾನೂನಿನ ಪ್ರಕಾರವೇ ಅಪರಾಧ. ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ ಬದಲಾಯಿಸಿದ ಗಾಡಿಯನ್ನು 'ರೆಫರಿ' ಅನ್ನುವ ಅಧಿಕಾರಿಗೆ ತೋರಿಸಬೇಕು. ಎಂಜಿನ್ ಗಾಡಿಗಿಂತ ಹಳೆಯದಾಗಿರಬಾರದು, ಅದರ ಹೊಗೆಶುದ್ಧಿಯ ಸಾಮಾನೆಲ್ಲ ಜೊತೆಗಿರಬೇಕು.

ಕಾನೂನು ಗೆದ್ದ ಷಡ್ಡಕರು ಮನೆಯಲ್ಲಿ ಸೋತರು. ಕನ್ವರ್ಟರ್ ಇಲ್ಲದೆ ಮೊದಲ ಸಲ ಪಿಕಪ್ ಹೊರಬಿದ್ದಾಗ ಅದರಲ್ಲಿ ನಾದಿನಿ ಮೈಸೂರು ರೇಷ್ಮೆ ಉಟ್ಟು ದೇವಸ್ಥಾನಕ್ಕೆ ಹೋಗಿಬಂದಳು. ಹೋಗುವಾಗ ಮಲ್ಲಿಗೆ, ಬರುವಾಗ ಪೆಟ್ರೋಲ್ ಬಂಕು. "ಪ್ರಸಾದ ಕೊಟ್ಟ ಅರ್ಚಕರು ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು ಭಾವ" ಅಂದಳು. ಮುಂದಿನ ವಾರಕ್ಕೆ ಎರಡೂ ಪೈಪಿಗೆ ಕನ್ವರ್ಟರ್ ಬಂತು. ಹೊಗೆ ಸಲೀಸಾಗಿ ಹಾಯುವ ಈಗಿನ ಕನ್ವರ್ಟರುಗಳು ತಿನ್ನುವ ಶಕ್ತಿ ಅಲ್ಪ, ಅವುಗಳಿಂದ ಸದ್ದೂ ಹದವಾಗುತ್ತದೆ. ಅವುಗಳೊಳಗಿರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. 2021ರಲ್ಲಿ ರೋಡಿಯಂ ಚಿನ್ನದ ಹತ್ತು ಪಟ್ಟಿಗೂ ಮೀರಿ ಬೆಲೆ ಬಾಳಿತ್ತು. ಎತ್ತರದ ಪಿಕಪ್ಪಿನ ಕೆಳಗೆ ಜಾಕಿ ಇಲ್ಲದೆಯೇ ಗರಗಸ ಹಿಡಿದು ತೂರುವ ಕಳ್ಳರು ಆ ದೇಶದಲ್ಲಿ ಹೇರಳ. ಪಿಕಪ್ ಗ್ಯಾರೇಜಿನ ಒಳಗೇ ಇರಲು ಈಗ ಷಡ್ಡಕರಿಗೆ ಹೊಸ ಸಬೂಬೂ ಸಿಕ್ಕಿದೆ.

ಆಕ್ಸಿಜನ್ ಸೆನ್ಸರ್ ಸಣ್ಣ ಸಾಮಾನು, ದೊಡ್ಡ ಚಾಡಿಕೋರ. ಒಂದೊಂದು ಸಾಲಿಗೂ ಒಂದರಂತೆ, ಕನ್ವರ್ಟರಿಗೆ ಮೊದಲು ಕೂರಬೇಕು. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಮೂಸಿ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರ್ ಅದರಂತೆ ಪೆಟ್ರೋಲ್ ಹಾಕುತ್ತದೆ. ಸೆನ್ಸರಿಗಿಂತ ಮುಂಚಿನ ಜಾಗದಲ್ಲಿ ಎಲ್ಲಾದರೂ ಗ್ಯಾಸ್ಕೆಟ್ ಸೋರಿದರೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಸೆನ್ಸರ್ 'ಇಂಧನ ಸಾಲದು' ಅಂತ ಸುಳ್ಳು ಹೇಳುತ್ತದೆ, ಕಂಪ್ಯೂಟರ್ ನಂಬಿ ಸುರಿಯುತ್ತದೆ, ನಿಮ್ಮ ಜೇಬು ಸೋರುತ್ತದೆ. ಪೈಪಿನ ಅಡಿಭಾಗದಲ್ಲಿ ಇದನ್ನು ಕೂರಿಸಬಾರದು. ಹೊಗೆಯ ತೇವ ಅಲ್ಲಿ ಇಳಿದು ಸೆನ್ಸರನ್ನು ಕೊಲ್ಲುತ್ತದೆ. ಅಡ್ಡಗೆರೆಗಿಂತ ಮೇಲಕ್ಕೆ ಓರೆಯಾಗಿರಲಿ.

ಲೋಹದ ಆಯ್ಕೆ ಆ ಊರಿನಲ್ಲಿ ಪುರಾಣದ ವಿಷಯ. ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿಯಿದೆ. ಮೇಲೆ ಕಾರು ಕಟ್ಟುತ್ತಾರೆ, ಕೆಳಗಿನಿಂದ ಉಪ್ಪು ತೆಗೆದು ಚಳಿಗಾಲದ ರಸ್ತೆಗೆ ಚೆಲ್ಲಿ ಆ ಕಾರಿಗೆ ತುಕ್ಕು ಹಿಡಿಸುತ್ತಾರೆ. ಇಂಥ ವ್ಯಾಪಾರ ಬುದ್ಧಿ ಎಲ್ಲೂ ಕಾಣೆ. ಅಲ್ಲಿ ಸಾದಾ ಉಕ್ಕು ಬಾಳುವುದಿಲ್ಲ. ಅಲ್ಯೂಮಿನಿಯಂ ಲೇಪಿಸಿದ ಉಕ್ಕು ಅಗ್ಗ, ಆದರೆ ವೆಲ್ಡಿಂಗ್ ಮಾಡಿದ ಕಡೆ ಲೇಪ ಸುಟ್ಟು ಅಲ್ಲಿಂದಲೇ ತುಕ್ಕು ಶುರು. 409 ಸ್ಟೇನ್‌ಲೆಸ್ ಮಧ್ಯಮ. ಮೇಲೆ ಕಂದು ಬಣ್ಣ ತಿರುಗಿದರೂ ಒಳಗೆ ಗಟ್ಟಿ. 304 ಹೊಳೆಯುತ್ತದೆ, ಬೆಲೆಯೂ ಹೊಳೆಯುತ್ತದೆ. 500 ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ 304 ಸುಮಾರು 9 ಮಿಲಿಮೀಟರ್ ಹಿಗ್ಗುತ್ತದೆ, 409 ಸುಮಾರು 6. ಹಿಗ್ಗಲು ಜಾಗ ಬಿಡದೆ ಗಟ್ಟಿಯಾಗಿ ಬಿಗಿದರೆ ಎಲ್ಲಾದರೂ ಬಿರುಕು ಗ್ಯಾರಂಟಿ. ತೂಗುಹಾಕಲು ರಬ್ಬರು ಇರುವುದು ಅದಕ್ಕೇ.

"ನಮ್ಮೂರಲ್ಲೂ ಹೀಗೆ ಮಾಡಬಹುದಾ?" ಅಂತ ಕೇಳುವ ಹುಡುಗರಿಗೆ ಹೇಳಿಬಿಡುತ್ತೇನೆ. ಇಲ್ಲಿ ಮೋಟಾರು ವಾಹನ ಕಾಯಿದೆ 1988ರ 52ನೇ ಕಲಂ ಇದೆ. ಆರ್‌ಟಿಒ ಒಪ್ಪಿಗೆಯಿಲ್ಲದೆ ಎಂಜಿನ್ ಬದಲಿಸಿದರೆ ಆರ್‌ಸಿ ಪುಸ್ತಕಕ್ಕೂ ಗಾಡಿಗೂ ಸಂಬಂಧ ಕಡಿದುಹೋಗುತ್ತದೆ. ಬೊಬ್ಬೆ ಹೊಡೆಯುವ ಸೈಲೆನ್ಸರ್ ಹಾಕಿ ಸಿಕ್ಕಿಬಿದ್ದರೆ ದಂಡ ಹತ್ತು ಸಾವಿರದವರೆಗೆ ಹೋಗಬಹುದು. ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹಾಯಿಸುವ ಚಿತ್ರವನ್ನು ಪೇಪರಿನಲ್ಲಿ ನೀವೂ ನೋಡಿರುತ್ತೀರಿ.

ಷಡ್ಡಕರ ಪಿಕಪ್ ಈಗ ಓಡುತ್ತಿದೆ. ಬೀಡುಕಬ್ಬಿಣದ ಮ್ಯಾನಿಫೋಲ್ಡು, ಎರಡೂವರೆ ಇಂಚಿನ 409ರ ಜೋಡಿ ಪೈಪು, ನಡುವೆ ಎಕ್ಸು, ಎರಡು ಕನ್ವರ್ಟರು, ಎರಡು ದೊಡ್ಡ ಮಫ್ಲರು. ಬಾಲಗಳು ಕ್ಯಾಬಿನ್ನಿನ ಕೆಳಗೆ ನಿಲ್ಲದೆ ಗಾಡಿಯ ಹಿಂಬದಿಯವರೆಗೂ ಹೋಗಿವೆ. ನಡುವೆ ಮೊಟಕು ಮಾಡಿದರೆ ಕಾರ್ಬನ್ ಮಾನಾಕ್ಸೈಡ್ ತಗಡಿನ ಸಂದಿನಿಂದ ಒಳಗೆ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕರುಣೆಯಿಲ್ಲ. ಗುಡುಗು ತುಸು ಕಡಿಮೆಯಾಯಿತೆಂದು ಅವರಿಗೆ ಒಳಗೊಳಗೇ ಬೇಸರ. ಹೊಳೆಯುವ ಹೆಡರ್ ಜೋಡಿ ಗ್ಯಾರೇಜಿನ ಗೋಡೆಗೆ ನೇತಾಡುತ್ತಿದೆ, ಕೊಳ್ಳುವವರನ್ನು ಹುಡುಕುತ್ತಿದ್ದಾರೆ. ನೀವು ಕೊಳ್ಳಬೇಡಿ.

ಈ ಹುಚ್ಚು ಹತ್ತಿದ ಎಲ್ಲರಿಗೂ ನನ್ನ ವಿನಂತಿ ಇಷ್ಟೇ. ಎಂಜಿನ್ನು, ಗೇರ್‌ಬಾಕ್ಸು, ಸ್ಟೀರಿಂಗು, ಸ್ಟಾರ್ಟರು, ಟ್ಯಾಂಕು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಬಿಗಿಯಾಗಿ ಕೂರುವ ತನಕ ಹೊಗೆ ಕಡೆಯ ಒಂದು ಸಾಮಾನನ್ನೂ ಕೊಳ್ಳಬೇಡಿ. ಕೂತ ಮೇಲೆ ಟೇಪು ಹಿಡಿದು ಗಾಡಿಯ ಕೆಳಗೆ ಮಲಗಿ, ಸಂದು ಅಳೆಯಿರಿ, ಆಮೇಲೆ ಮನೆಯವರನ್ನು ಕೇಳಿ, ಕೊನೆಗೆ ಅಂಗಡಿಗೆ ಹೋಗಿ. ಸೈಲೆನ್ಸರನ್ನು ಮೊದಲೇ ಕೊಂಡವರು ಎರಡು ಸಲ ಕೊಳ್ಳುತ್ತಾರೆ.